ಸೈಕಲ್ಲಿನ ಸೀಟು, ಸವಾರನ ಕುತ್ತಿಗೆ

ಸಿಂದಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಅಂಗಳದಲ್ಲಿ ನಮ್ಮ ಆರೋಗ್ಯ ಸಂವಾದ ಕಾರ್ಯಕ್ರಮದ ಚಿತ್ರೀಕರಣ ನಡೆದಿತ್ತು. ವೇದಿಕೆಯ ಮೇಲೆ ವೈದ್ಯರು, ಎದುರಿಗೆ ಜಮಖಾನದ ಮೇಲೆ ವಿದ್ಯಾರ್ಥಿಗಳು, ಅವರ ಹಿಂದೆ ಬೇವಿನ ಮರದ ನೆರಳಿನಲ್ಲಿ ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳು. ರಕ್ತಹೀನತೆ, ಹಲ್ಲು, ಕಣ್ಣು ಎಂದು ಪ್ರಶ್ನೆಗಳು ಸಾಗಿದ್ದವು. ಕೊನೆಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, "ಸರ, ದಿನಾ ಆರು ಕಿಲೋಮೀಟರ್ ಸೈಕಲ್ ಹೊಡೀತೀನ್ರಿ. ಸಾಲೀಗೆ ಬರೂದ್ರಾಗ ಕುತ್ತಿಗಿ ಹಿಡಿತೈತಿ, ಭುಜ ಸೆಳಿತಾವು. ನಮ್ಮವ್ವ ಸೈಕಲ್ ಬಿಡು, ಇಲ್ಲಾಂದ್ರ ಸಾಲಿ ಬಿಡು ಅಂತಾಳ್ರಿ" ಎಂದಳು. ಮಕ್ಕಳೆಲ್ಲ ನಕ್ಕರು. ವೈದ್ಯರು ನಗಲಿಲ್ಲ. "ನಿನ್ನ ಸೈಕಲ್ ಯಾವುದು, ತೋರಿಸು" ಎಂದು ವೇದಿಕೆಯಿಂದ ಇಳಿದೇಬಿಟ್ಟರು.

ಅಷ್ಟು ಹೊತ್ತಿಗೆ ನಮ್ಮ ಇಪ್ಪತ್ತೈದು ನಿಮಿಷ ಮುಗಿದಿತ್ತು. ಸಂಕಲನದ ಮೇಜಿನ ಮೇಲೆ ಆ ಪ್ರಶ್ನೆಗೆ ನಲವತ್ತು ಸೆಕೆಂಡು ಮಾತ್ರ ಉಳಿಯಿತು. ಉಳಿದದ್ದನ್ನು ಕತ್ತರಿಸಿದವನು ನಾನೇ. ಹಾಗಾಗಿ ಈ ಪುಟಗಳಲ್ಲಿ ಆ ಬಾಕಿಯನ್ನು ತೀರಿಸುವ ಹೊಣೆಯೂ ನನ್ನದೇ.

ಆ ದಿನ ನನ್ನ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಮರದ ಕೆಳಗೆ ನಿಂತಿದ್ದ ಸೈಕಲ್ಲುಗಳ ಸೀಟುಗಳೆಲ್ಲ ಅಳತೆಗೋಲಿನಿಂದ ಗೆರೆ ಎಳೆದಂತೆ ಒಂದೇ ಎತ್ತರದಲ್ಲಿದ್ದವು. ಜಮಖಾನದ ಮೇಲಿನಿಂದ ಎದ್ದು ನಿಂತ ಮಕ್ಕಳ ತಲೆಗಳಾದರೋ ಹಾಗಿರಲಿಲ್ಲ. ಒಬ್ಬನು ಮತ್ತೊಬ್ಬಳಿಗಿಂತ ಒಂದು ಅಡಿ ಎತ್ತರ. ಸಮಸ್ಯೆಯ ಬೇರು ಆ ಎರಡು ಸಾಲುಗಳ ನಡುವಿನ ವ್ಯತ್ಯಾಸದಲ್ಲಿದೆ. ಈ ಸಮಸ್ಯೆ ಇಂದಿನದಲ್ಲ; ಸೈಕಲ್ಲಿನಷ್ಟೇ ಹಳೆಯದು.

ಈಗ ಈ ಸೀಮೆಯ ವಿಷಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಹಳೆಯ ವಿಜಾಪುರ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾದ ಮೇಲೂ ಇವು ವಿಜಾಪುರದಲ್ಲಿಯೇ ಉಳಿದವು. 2014ರ ನವೆಂಬರ್ 1ರಿಂದ ಆ ಜಿಲ್ಲೆಯ ಹೆಸರು ವಿಜಯಪುರ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಕಣ್ಣು ಹಾಯುವಷ್ಟು ದೂರ ಎರೆಭೂಮಿಯ ಬಯಲು. ಹೋಟಗಿಯಿಂದ ಗದಗಿಗೆ ಹೋಗುವ ರೈಲು ದಾರಿ 1884ರಲ್ಲಿಯೇ ಈ ಜಿಲ್ಲೆಯನ್ನು ಹಾಯ್ದಿತು. ಆದರೆ ಅದು ಸಿಂದಗಿಯನ್ನಾಗಲಿ ಮುದ್ದೇಬಿಹಾಳವನ್ನಾಗಲಿ ಮುಟ್ಟಲಿಲ್ಲ. ಇನ್ನೆರಡು ತಾಲ್ಲೂಕುಗಳ ನಿಲ್ದಾಣಗಳ ಹೆಸರನ್ನು ನೋಡಿ: ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್. ರೈಲ್ವೆಯವರ ಭಾಷೆಯಲ್ಲಿ "ರೋಡ್" ಎಂದರೆ ಊರು ಇಲ್ಲಿಲ್ಲ, ಇಲ್ಲಿಂದ ರಸ್ತೆ ಹಿಡಿದು ಹೋಗಬೇಕು ಎಂದರ್ಥ. ಆ ರಸ್ತೆಯನ್ನು ಜನ ಚಕ್ಕಡಿಯಲ್ಲಿ, ಕಾಲ್ನಡಿಗೆಯಲ್ಲಿ, ಮುಂದೆ ಸೈಕಲ್ಲಿನಲ್ಲಿ ಸವೆಸಿದರು. ಅಂಚೆಯಣ್ಣ, ಹಾಲು ಮಾರುವವನು, ಊರೂರಿಗೆ ಬಟ್ಟೆಯ ಗಂಟು ಒಯ್ಯುವವನು, ವರ್ಗವಾಗಿ ಬಂದ ಮಾಸ್ತರರು, ಇವರೆಲ್ಲರ ವಾಹನ ಅದೇ. ನೆಲ ಸಮತಟ್ಟಾದ್ದರಿಂದ ಏರು ಕಡಿಮೆ. ಆದರೆ ಬಯಲಿನ ಎದುರುಗಾಳಿಯನ್ನು ಒಮ್ಮೆ ಅನುಭವಿಸಿದವರು ಏರೇ ವಾಸಿ ಎನ್ನುತ್ತಾರೆ. ಗಾಳಿಗೆ ಎದುರಾಗಿ ತಲೆ ತಗ್ಗಿಸಿ, ಭುಜ ಮೇಲೆತ್ತಿ ತುಳಿಯುವುದು ಇಲ್ಲಿಯ ಸವಾರರ ಅಭ್ಯಾಸ. ಕುತ್ತಿಗೆಯ ಕಥೆ ಬಂದಾಗ ಇದನ್ನು ಮರೆಯಬಾರದು.

ಇನ್ನು ಸೈಕಲ್ಲಿನ ಹುಟ್ಟು. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಚಕ್ರಗಳ ಮರದ ಯಂತ್ರವೊಂದನ್ನು ಏರಿ ಹೊರಟ. ಅದಕ್ಕೆ ಪೆಡಲ್ ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದು ಸಾಗಬೇಕಿತ್ತು. ಕುತೂಹಲದ ಸಂಗತಿಯೆಂದರೆ, ಆ ಯಂತ್ರದ ಮುಂಭಾಗದಲ್ಲಿ ಮೊಣಕೈಗಳನ್ನು ಊರಲೆಂದು ಮೆತ್ತೆ ಹಾಕಿದ ಒಂದು ಹಲಗೆಯಿತ್ತು. ಪೆಡಲ್ ಹುಟ್ಟುವುದಕ್ಕೆ ಮೊದಲೇ ತೋಳು, ಭುಜಗಳಿಗೆ ಆಸರೆ ಬೇಕೆಂಬುದು ಮೊದಲ ಸವಾರನಿಗೆ ಹೊಳೆದಿತ್ತು.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂಚಕ್ರದ ಅಚ್ಚಿಗೇ ಪೆಡಲ್ ಜೋಡಿಸಿದ ಸೈಕಲ್ಲುಗಳು ಬಂದವು. ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ವೇಗ ಬೇಕೆಂದರೆ ಚಕ್ರವನ್ನು ದೊಡ್ಡದು ಮಾಡುವುದೊಂದೇ ಉಪಾಯ. ಹೀಗೆ 1870ರ ದಶಕದಲ್ಲಿ ಆಳೆತ್ತರದ ಮುಂಚಕ್ರ, ಪುಟ್ಟ ಹಿಂಚಕ್ರದ ಆ ವಿಚಿತ್ರ ಸೈಕಲ್ಲು ಇಂಗ್ಲೆಂಡಿನಲ್ಲಿ ಮೆರೆಯಿತು. ಅದರ ಚಿತ್ರವನ್ನು ನೀವು ನೋಡಿರುತ್ತೀರಿ. ಅದನ್ನು ಕೊಳ್ಳುವ ಕ್ರಮವನ್ನು ಗಮನಿಸಿ: ಅಂಗಡಿಯವನು ಮೊದಲು ಗಿರಾಕಿಯ ಕಾಲನ್ನು ಅಳೆಯುತ್ತಿದ್ದ. ಚಕ್ರದ ತುದಿಯ ಮೇಲೆ ಕುಳಿತವನ ಕಾಲು ಪೆಡಲಿಗೆ ಎಟುಕಬೇಕಲ್ಲ! ಉದ್ದ ಕಾಲಿನವನಿಗೆ 58 ಅಂಗುಲದ ಚಕ್ರ, ಗಿಡ್ಡನಿಗೆ 48 ಅಂಗುಲದ್ದು. ಜೋಡು ಹೊಲಿಸಿಕೊಂಡಂತೆ ಸೈಕಲ್ಲನ್ನೂ ಮೈಗೆ ತಕ್ಕಂತೆ ಆರಿಸಬೇಕಿತ್ತು. ಅಳತೆ ತಪ್ಪಿದರೆ ಆ ಸೈಕಲ್ಲು ನಡೆಯುತ್ತಲೇ ಇರಲಿಲ್ಲ.

1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ "ರೋವರ್" ಎಂಬ ಹೊಸ ಬಗೆಯ ಸೈಕಲ್ಲನ್ನು ಹೊರತಂದ. ಸರಿಸುಮಾರು ಸಮಾನವಾದ ಎರಡು ಚಕ್ರ, ನಡುವೆ ಪೆಡಲ್, ಅಲ್ಲಿಂದ ಹಿಂಚಕ್ರಕ್ಕೆ ಚೈನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರನ್ನು ಕಂಡುಹಿಡಿದ ಮೇಲೆ ಈ ಮಾದರಿಗೆ ಎದುರಾಳಿಯೇ ಇಲ್ಲವಾಯಿತು. ನಾವು ಇಂದು ತುಳಿಯುವುದು ಅದರ ಮೊಮ್ಮಗನನ್ನೇ. ಚೈನು ಬಂದದ್ದರಿಂದ ಚಕ್ರದ ಗಾತ್ರಕ್ಕೂ ಕಾಲಿನ ಉದ್ದಕ್ಕೂ ಇದ್ದ ನಂಟು ಕಡಿಯಿತು. ಇದು ದೊಡ್ಡ ಬಿಡುಗಡೆ. ಆದರೆ ನನ್ನ ದೃಷ್ಟಿಯಲ್ಲಿ ನಮ್ಮ ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಹಳೆಯ ಎತ್ತರದ ಗಾಡಿ ಅಳತೆ ತಪ್ಪಿದವನನ್ನು ಹತ್ತಲೇ ಬಿಡುತ್ತಿರಲಿಲ್ಲ. ಹೊಸ ಗಾಡಿಯನ್ನಾದರೋ ಅಳತೆ ತಪ್ಪಿದರೂ ಹೇಗೋ ತುಳಿಯಬಹುದು. ತಪ್ಪಿನ ದಂಡವನ್ನು ಮೈ ತೆರುತ್ತದೆ. ಇದಕ್ಕೆ ಪರಿಹಾರವೂ ಆ ಗಾಡಿಯಲ್ಲಿಯೇ ಇತ್ತೆನ್ನಿ. ಸೀಟಿನ ಕಂಬ ಚೌಕಟ್ಟಿನ ಕೊಳವೆಯೊಳಗೆ ಮೇಲೆ ಕೆಳಗೆ ಸರಿಯುತ್ತದೆ. ಹ್ಯಾಂಡಲಿನ ಕಂಬವೂ ಹಾಗೆಯೇ. ಎರಡು ಬೋಲ್ಟುಗಳ ಕೆಲಸ.

1890ರ ದಶಕದಲ್ಲಿ ಯುರೋಪು, ಅಮೆರಿಕಗಳಲ್ಲಿ ಸೈಕಲ್ಲಿನ ಹುಚ್ಚು ಹಬ್ಬಿತು. ಹ್ಯಾಂಡಲನ್ನು ಸೀಟಿಗಿಂತ ಬಹಳ ತಗ್ಗಿಸಿ, ಬೆನ್ನು ಬಿಲ್ಲಾಗಿಸಿ ಹಾರುವ ಯುವಕರನ್ನು ಕಂಡು ಪತ್ರಿಕೆಗಳು ಹಾಸ್ಯ ಮಾಡಿದವು. ಕೆಲವು ವೈದ್ಯರು "ಸೈಕಲ್ ಗೂನು" ಎಂಬ ಹೊಸ ರೋಗ ಬಂದಿದೆಯೆಂದು ಎಚ್ಚರಿಸಿ ಅದಕ್ಕೊಂದು ಲ್ಯಾಟಿನ್ ಹೆಸರನ್ನೂ ಇಟ್ಟರು. ಭಯ ಅತಿಯಾಗಿತ್ತು, ಸೈಕಲ್ ತುಳಿದು ಯಾರೂ ಗೂನರಾಗಲಿಲ್ಲ. ಆದರೆ ಬಾಗಿದ ಬೆನ್ನು, ಮೇಲೆತ್ತಿದ ಕುತ್ತಿಗೆ, ತಗ್ಗಿದ ಹ್ಯಾಂಡಲ್, ಈ ಮೂರಕ್ಕೂ ಸಂಬಂಧವಿದೆಯೆಂದು ಅವರು ಕಂಡದ್ದು ಸರಿಯಾಗಿತ್ತು.

ನಮ್ಮ ದೇಶಕ್ಕೆ ಸೈಕಲ್ಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂತು. ರ‍್ಯಾಲಿ, ಬಿ.ಎಸ್.ಎ., ಹರ್ಕ್ಯುಲಿಸ್ ಮುಂತಾದ ಹೆಸರುಗಳು ಹಳ್ಳಿಗಳಲ್ಲಿಯೂ ಪರಿಚಿತವಾದವು. ಸ್ವಾತಂತ್ರ್ಯದ ನಂತರ ಕಾರ್ಖಾನೆಗಳು ಇಲ್ಲಿಯೇ ಎದ್ದವು: ಮದರಾಸಿನ ಬಳಿ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನಲ್ಲಿ ಅಟ್ಲಾಸ್ 1951ರಲ್ಲಿ, ಲುಧಿಯಾನದಲ್ಲಿ ಹೀರೋ 1956ರಲ್ಲಿ. ಇವರೆಲ್ಲ ಬಹುಕಾಲ ಮಾಡಿದ್ದು ಒಂದೇ ಜಾತಿಯ ಕರಿ ಬಣ್ಣದ ಗಟ್ಟಿಮುಟ್ಟು ಗಾಡಿ. 28 ಅಂಗುಲದ ಚಕ್ರ, 22 ಅಥವಾ 24 ಅಂಗುಲದ ಚೌಕಟ್ಟು, ಬೆನ್ನು ನೆಟ್ಟಗಿಟ್ಟು ಕೂರುವಂತಹ ಹ್ಯಾಂಡಲ್, ಕ್ವಿಂಟಲ್ ಜೋಳ ಹೇರಿದರೂ ಮುರಿಯದ ಕ್ಯಾರಿಯರ್. ಬೆಳೆದ ಗಂಡಸಿಗೆ ಅದು ಬಹಳ ಒಳ್ಳೆಯ ಗಾಡಿ. ಕುತ್ತಿಗೆಯ ದೃಷ್ಟಿಯಿಂದಂತೂ ಇಂದಿನ ಅನೇಕ ಬಣ್ಣದ ಸೈಕಲ್ಲುಗಳಿಗಿಂತ ಮೇಲು. ಬೆಳೆಯದ ಹುಡುಗನಿಗೆ? ಹೆಂಗಸಿಗೆ? ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ನಾನು ಕಲಿತದ್ದು ಅಂತಹ ಗಾಡಿಯಲ್ಲಿ, ಒಳಪೆಡಲ್ ಹೊಡೆದು. ಈಗಿನವರಿಗೆ ಆ ಮಾತು ತಿಳಿಯಲಿಕ್ಕಿಲ್ಲ. ಅಡ್ಡಪಟ್ಟಿಯ ಮೇಲಿಂದ ಕಾಲು ಹಾಕಲು ಎತ್ತರ ಸಾಲದ ಹುಡುಗ ಚೌಕಟ್ಟಿನ ತ್ರಿಕೋನದೊಳಗೆ ಬಲಗಾಲು ತೂರಿಸಿ, ಬಲಗಂಕುಳಲ್ಲಿ ಸೀಟನ್ನು ಅವುಚಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಮೈಯನ್ನು ಕೊಡಲಿಯಂತೆ ವಾಲಿಸಿ ತುಳಿಯುವ ವಿದ್ಯೆ ಅದು. ಬಾಡಿಗೆ ಸೈಕಲ್ ಅಂಗಡಿಯಲ್ಲಿ ತಾಸಿನ ಲೆಕ್ಕಕ್ಕೆ ತಂದು, ಗಡಿಯಾರ ನೋಡುತ್ತ ಕಲಿತೆವು. ಎರಡು ತಾಸು ಹೊಡೆದ ರಾತ್ರಿ ಕುತ್ತಿಗೆ ಒಂದೇ ಕಡೆ ತಿರುಗುತ್ತಿತ್ತು. ಅಜ್ಜಿ ಎಣ್ಣೆ ತಿಕ್ಕಿ, ದೃಷ್ಟಿ ತೆಗೆಯುತ್ತಿದ್ದಳು.

ಮುಂದೆ ಕಾಲೇಜಿಗೆ ಹೋಗುವಾಗ ತಂದೆಯ 24 ಅಂಗುಲದ ಗಾಡಿ ನನ್ನ ಪಾಲಿಗೆ ಬಂತು. ತಂದೆ ಆರಡಿಯ ಆಳು. ನಾನು ತಾಯಿಯ ಕಡೆ. ಸೀಟಿನ ಮೂತಿಯ ಮೇಲೆ ಕುಳಿತು, ಕೈಗಳನ್ನು ಕೋಲಿನಂತೆ ಚಾಚಿ, ದಿನಕ್ಕೆ ಹತ್ತು ಕಿಲೋಮೀಟರ್ ತುಳಿಯುತ್ತಿದ್ದೆ. ಪ್ರಯೋಗಾಲಯದಲ್ಲಿ ಸನ್ನೆಗೋಲಿನ ನಿಯಮ, ಬಲದ ಭ್ರಾಮಕ ಎಂದು ಬರೆದು ಅಂಕ ಪಡೆಯುತ್ತಿದ್ದವನಿಗೆ ತನ್ನ ಹೆಗಲಿನ ನೋವಿಗೂ ಆ ನಿಯಮಕ್ಕೂ ಸಂಬಂಧವಿದೆಯೆಂದು ಹೊಳೆಯಲಿಲ್ಲ. ಹೊಳೆದದ್ದು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಒಬ್ಬ ಸೈಕಲ್ ಮಿಸ್ತ್ರಿಗೆ. ಪಂಕ್ಚರ್ ಹಾಕುತ್ತ ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿ, "ಗಾಡಿ ಅಪ್ಪಂದು, ಮೈ ನಿಂದು. ಅದಕ್ಕ ಜಗಳ ಹತ್ತೈತಿ" ಎಂದ. ಸೀಟನ್ನು ಎರಡು ಬೆರಳು ಇಳಿಸಿ ಮುಂದಕ್ಕೆ ತಳ್ಳಿದ, ಹ್ಯಾಂಡಲನ್ನು ಮೇಲೆತ್ತಿದ. ವಾರದಲ್ಲಿ ನೋವು ಇಳಿಯಿತು.

ಆ ಮಿಸ್ತ್ರಿ ಹ್ಯಾಂಡಲ್ ಮೇಲೆತ್ತಿದ್ದು ಸಣ್ಣ ಕೆಲಸವೇನಲ್ಲ. ಹಳೆಯ ಗಾಡಿಗಳಲ್ಲಿ ಬ್ರೇಕಿಗೆ ತಂತಿಯ ಬದಲು ಕಬ್ಬಿಣದ ಸಲಾಕೆಗಳಿದ್ದವು. ಹ್ಯಾಂಡಲ್ ಮೇಲೆ ಹೋದರೆ ಸಲಾಕೆಯೂ ಮೇಲೆ ಸೆಳೆದು ಬ್ರೇಕು ಚಕ್ರಕ್ಕೆ ಕಚ್ಚುತ್ತದೆ. ಅದನ್ನೂ ಬಿಚ್ಚಿ ಮತ್ತೆ ಹೊಂದಿಸಬೇಕು. ನಮ್ಮಲ್ಲಿ ಸೀಟನ್ನಾದರೂ ಏರಿಸಿ ಇಳಿಸುತ್ತಾರೆ, ಹ್ಯಾಂಡಲನ್ನು ಮಾತ್ರ ಯಾರೂ ಮುಟ್ಟುವುದಿಲ್ಲ ಎಂಬ ರೂಢಿ ಬಂದದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನಗನಿಸುತ್ತದೆ. ಸಲಾಕೆಯ ಬ್ರೇಕು ಮರೆಯಾದರೂ ರೂಢಿ ಉಳಿದಿದೆ.

ಇಷ್ಟಕ್ಕೂ ಕುತ್ತಿಗೆಗೆ ಆಗುವುದಾದರೂ ಏನು? ಬೆಳೆದ ಮನುಷ್ಯನ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ನಮ್ಮ ಹಳ್ಳಿಗಳಲ್ಲಿ ಹೆಂಗಸರು ತುಂಬಿದ ಕೊಡವನ್ನು ತಲೆಯ ಮೇಲಿಟ್ಟು ಮೈಲಿಗಟ್ಟಲೆ ನಡೆಯುವುದನ್ನು ನೋಡಿದ್ದೀರಿ. ಭಾರ ಬೆನ್ನುಮೂಳೆಯ ನೇರಕ್ಕೆ ಇಳಿಯುವುದರಿಂದ ಅದು ಸಾಧ್ಯ. ಅದೇ ಕೊಡವನ್ನು ಎರಡೂ ಕೈ ಚಾಚಿ ಮುಂದೆ ಹಿಡಿಯಲು ಹೇಳಿ. ಒಂದು ನಿಮಿಷವೂ ನಿಲ್ಲಲಾರರು. ಭಾರ ಅಷ್ಟೇ, ಆಧಾರದಿಂದ ದೂರ ಹೆಚ್ಚಾಯಿತು. ಬೆನ್ನು ನೆಟ್ಟಗಿದ್ದಾಗ ತಲೆ ಕೊಡದಂತೆ ಕುತ್ತಿಗೆಯ ಮೇಲೆ ಕೂರುತ್ತದೆ. ಬೆನ್ನು ಮುಂದಕ್ಕೆ ಬಾಗಿದಾಗ ಅದೇ ತಲೆ ಮುಂದೆ ಜೋತುಬೀಳುತ್ತದೆ; ಅದನ್ನು ಕುತ್ತಿಗೆಯ ಹಿಂದಿನ ಸ್ನಾಯುಗಳು ಹಗ್ಗದಂತೆ ಎಳೆದು ಹಿಡಿಯಬೇಕು. ಅಷ್ಟೇ ಸಾಲದು. ರಸ್ತೆ ನೋಡಬೇಕಲ್ಲ? ಬಾಗಿದ ಬೆನ್ನಿನ ಮೇಲೆ ಮುಖವನ್ನು ಮತ್ತೆ ಮೇಲೆತ್ತಬೇಕು. ಆಗ ಆ ಸ್ನಾಯುಗಳು ಬಿಡುವಿಲ್ಲದೆ ಬಿಗಿದೇ ಇರುತ್ತವೆ. ಬಿಗಿದು ಸಡಿಲುವ ಸ್ನಾಯುವಿಗೆ ರಕ್ತ ಸರಾಗವಾಗಿ ಹರಿಯುತ್ತದೆ. ಸದಾ ಬಿಗಿದಿರುವ ಸ್ನಾಯುವಿಗೆ ಹರಿವು ಕುಗ್ಗುತ್ತದೆ, ದಣಿವು ನೋವಾಗುತ್ತದೆ. ಕಾಲಿನ ಸ್ನಾಯುಗಳು ಹತ್ತು ಪಟ್ಟು ದುಡಿದರೂ ಅಷ್ಟು ನೋಯದಿರುವುದು ಇದೇ ಕಾರಣಕ್ಕೆ.

ಭುಜದ ಲೆಕ್ಕ ಬೇರೆ. ಸವಾರನ ಭಾರ ಸೀಟು, ಪೆಡಲ್, ಹ್ಯಾಂಡಲ್ ಎಂಬ ಮೂರು ಕಡೆ ಹಂಚಿಹೋಗುತ್ತದೆ. ಹ್ಯಾಂಡಲ್ ದೂರವಾದಷ್ಟೂ, ತಗ್ಗಾದಷ್ಟೂ ಕೈಯ ಪಾಲು ಏರುತ್ತದೆ. ಸೀಟಿನ ಮೂತಿ ಕೆಳಮುಖವಾಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ; ಜಾರದಂತೆ ತಡೆಯಲು ಕೈಗಳು ಸದಾ ಹಿಂದಕ್ಕೆ ತಳ್ಳುತ್ತಿರಬೇಕು. ಮೊಣಕೈ ಚಾಚಿ ಬಿಗಿಹಿಡಿದರೆ ತಗ್ಗುದಿಣ್ಣೆಯ ಪ್ರತಿಯೊಂದು ಕುಲುಕು ನೇರವಾಗಿ ಹೆಗಲಿಗೆ, ಹೆಗಲಿನಿಂದ ಕುತ್ತಿಗೆಗೆ ಬಡಿಯುತ್ತದೆ. ಇದರ ಮೇಲೆ ಬೆನ್ನಿಗೆ ಪುಸ್ತಕದ ಚೀಲ. 2019ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದಲ್ಲಿ 9, 10ನೆಯ ತರಗತಿಯವರ ಚೀಲ 4ರಿಂದ 5 ಕಿಲೋ ಮೀರಬಾರದೆಂದಿದೆ. ಅಂದರೆ ನಿಯಮದೊಳಗಿನ ಚೀಲವೇ ಇನ್ನೊಂದು ತಲೆಯಷ್ಟು ತೂಕ! ಹಿಂದೆ ಕ್ಯಾರಿಯರ್ ಖಾಲಿ ಇರುತ್ತದೆ, ಚೀಲ ಹೆಗಲಿನಲ್ಲಿರುತ್ತದೆ.

ಅಳತೆಯನ್ನು ಶಾಸ್ತ್ರವಾಗಿಸುವ ಪ್ರಯತ್ನ ಬಹಳ ತಡವಾಗಿ ನಡೆಯಿತು. 1967ರಲ್ಲಿ ಇಂಗ್ಲೆಂಡಿನ ಲಫ್ಬರೋದಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಬೇರೆ ಬೇರೆ ಎತ್ತರದ ಸೀಟುಗಳ ಮೇಲೆ ಸವಾರರನ್ನು ಕೂರಿಸಿ ಪರೀಕ್ಷಿಸಿದರು. ಒಳಗಾಲಿನ ಉದ್ದದ ಶೇಕಡಾ 109ರಷ್ಟು ದೂರ ಸೀಟಿನ ಮೇಲ್ಮೈಯಿಂದ ಕೆಳಗಿನ ಪೆಡಲಿಗೆ ಇದ್ದರೆ ಶಕ್ತಿ ಚೆನ್ನಾಗಿ ಬಳಕೆಯಾಗುತ್ತದೆ ಎಂದು ಕಂಡುಕೊಂಡರು. ಮುಂದೆ ಫ್ರಾನ್ಸಿನ ತರಬೇತುದಾರ ಸಿರಿಲ್ ಗಿಮಾರ್ ಹಾಗೂ ಆತನ ಶಿಷ್ಯ, ಅಮೆರಿಕದ ಗ್ರೆಗ್ ಲೆಮಾಂಡ್ ಅವರಿಂದ ಇನ್ನೊಂದು ಸೂತ್ರ ಪ್ರಸಿದ್ಧವಾಯಿತು: ಒಳಗಾಲಿನ ಉದ್ದವನ್ನು 0.883ರಿಂದ ಗುಣಿಸಿ, ಅಷ್ಟು ದೂರ ಪೆಡಲ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈಗೆ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಕಾಗದ ತೆಗೆದುಕೊಳ್ಳಿ. ಪೆಡಲಿನ ತೋಳು 17 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಒಳಗಾಲು 85 ಸೆಂಟಿಮೀಟರ್ ಇರುವ ಬೆಳೆದ ಸವಾರನಿಗೆ ಮೊದಲ ಸೂತ್ರದಂತೆ 92.65, ತೋಳನ್ನು ಕಳೆದರೆ 75.65. ಎರಡನೆಯ ಸೂತ್ರದಂತೆ 75.05. ಹೆಚ್ಚುಕಡಿಮೆ ಒಂದೇ. ಈಗ ಒಳಗಾಲು 70 ಸೆಂಟಿಮೀಟರ್ ಇರುವ ಒಂಬತ್ತನೆಯ ತರಗತಿಯ ಹುಡುಗಿಯನ್ನು ತೆಗೆದುಕೊಳ್ಳಿ. ಮೊದಲನೆಯದು 59.3, ಎರಡನೆಯದು 61.8. ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಬಂತು! ಏಕೆಂದರೆ ಆಕೆಯ ಕಾಲು ಚಿಕ್ಕದು, ಪೆಡಲಿನ ತೋಳು ಮಾತ್ರ ದೊಡ್ಡವರದೇ. ಎರಡನೆಯ ಸೂತ್ರ ಹುಟ್ಟಿದ್ದು ಬೆಳೆದ ಪಂದ್ಯದ ಸವಾರರಿಗಾಗಿ. ಮಕ್ಕಳ ಮೇಲೆ ಅದನ್ನು ಹೇರಿದರೆ ಸೀಟು ಎತ್ತರವಾಗಿ, ಹ್ಯಾಂಡಲ್ ಅಷ್ಟೇ ತಗ್ಗಾದಂತಾಗಿ, ಕುತ್ತಿಗೆಗೇ ಪೆಟ್ಟು. ಪುಸ್ತಕದ ಸೂತ್ರವನ್ನು ಬಳಸುವ ಮೊದಲು ಅದು ಯಾರ ಮೈಯಿಂದ ಹುಟ್ಟಿತೆಂದು ಕೇಳುವುದು ಒಳ್ಳೆಯದು.

ದೊಡ್ಡ ಸವಾರರೂ ಈ ನೋವಿನಿಂದ ಪಾರಾಗಲಿಲ್ಲ. ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ 1969ರಲ್ಲಿ ಫ್ರಾನ್ಸಿನ ಬ್ಲ್ವಾ ಎಂಬಲ್ಲಿ ಬಿದ್ದು ಬೆನ್ನು, ಸೊಂಟಕ್ಕೆ ಏಟು ಮಾಡಿಕೊಂಡ. ಆ ಮೇಲೆ ಸೀಟಿನ ಎತ್ತರ ಅವನಿಗೆ ಸರಿಯೆನಿಸಲೇ ಇಲ್ಲ. ಪಂದ್ಯದ ನಡುವೆಯೂ ಅದನ್ನು ಏರಿಸಿ ಇಳಿಸುತ್ತಿದ್ದ. ಹಾಗಿದ್ದೂ 1972ರಲ್ಲಿ ಮೆಕ್ಸಿಕೋದಲ್ಲಿ ಒಂದು ತಾಸಿನಲ್ಲಿ 49.431 ಕಿಲೋಮೀಟರ್ ಓಡಿ ವಿಶ್ವದಾಖಲೆ ಮಾಡಿದ. ಅಮೆರಿಕ ಖಂಡವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿಗೆ, ಸುಮಾರು 4,800 ಕಿಲೋಮೀಟರ್, ದಾಟುವ "ರೇಸ್ ಅಕ್ರಾಸ್ ಅಮೆರಿಕ" ಎಂಬ ಪಂದ್ಯವಿದೆ. 1983ರಲ್ಲಿ ಆ ಪಂದ್ಯದಲ್ಲಿ ಮೈಕೆಲ್ ಶರ್ಮರ್ ಎಂಬ ಸವಾರನ ಕುತ್ತಿಗೆಯ ಸ್ನಾಯುಗಳು ಸೋತು, ತಲೆ ಎತ್ತಲಾಗದೆ ಹೋಯಿತು. ಅಂದಿನಿಂದ ಆ ಸ್ಥಿತಿಗೆ "ಶರ್ಮರನ ಕುತ್ತಿಗೆ" ಎಂದೇ ಹೆಸರು. 2017ರಲ್ಲಿ ಭಾರತೀಯ ಸೇನೆಯ ವೈದ್ಯ, ಲೆಫ್ಟಿನೆಂಟ್ ಕರ್ನಲ್ ಶ್ರೀನಿವಾಸ ಗೋಕುಲನಾಥ್ ಅದೇ ಪಂದ್ಯವನ್ನು ಒಬ್ಬರೇ ಪೂರೈಸಿದ ಮೊದಲ ಭಾರತೀಯರಾದರು.

ಪಂದ್ಯದ ಮಾತು ವಿಜಯಪುರದವರಿಗೆ ಹೊಸದಲ್ಲ. ಹಳೆಯ ಅವಿಭಜಿತ ಜಿಲ್ಲೆ ಕರ್ನಾಟಕದ ಸೈಕಲ್ ಓಟಗಾರರ ತವರು. ವಿಜಯಪುರ, ಬಾಗಲಕೋಟೆಗಳ ಕ್ರೀಡಾನಿಲಯಗಳಲ್ಲಿ ಬೆಳೆದ ರೈತರ ಮಕ್ಕಳು ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಬೆಳಗಿನ ಜಾವ ಹೆದ್ದಾರಿಯಲ್ಲಿ ಅವರು ಸಾಲಾಗಿ ಹೋಗುವುದನ್ನು ಕಂಡು ಹಳ್ಳಿಯ ಹುಡುಗರು ತಮ್ಮ ಹ್ಯಾಂಡಲನ್ನೂ ತಗ್ಗಿಸುತ್ತಾರೆ, ಸೀಟನ್ನು ಆಕಾಶಕ್ಕೇರಿಸುತ್ತಾರೆ. ನೋಡಲು ಚೆಂದವೇ. ಆದರೆ ಆ ಓಟಗಾರ ತಿಂಗಳುಗಟ್ಟಲೆ ಬೆನ್ನು, ಹೊಟ್ಟೆ, ಕುತ್ತಿಗೆಯ ಸ್ನಾಯುಗಳನ್ನು ಪಳಗಿಸಿ ಆ ಭಂಗಿಗೆ ಬಂದಿರುತ್ತಾನೆ. ಅವನ ಬೆನ್ನ ಮೇಲೆ ಪುಸ್ತಕದ ಚೀಲವಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಬೇವಿನ ಮರದ ಕೆಳಗಿನ ಆ ಸೈಕಲ್ಲುಗಳು. 2006-07ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಏಳನೆಯ ತರಗತಿಗೆ ಊರಿನ ಶಾಲೆ ಮುಗಿದು, ಪ್ರೌಢಶಾಲೆ ದೂರದಲ್ಲಿದೆಯೆಂದು ಮನೆಯಲ್ಲಿ ಉಳಿಯುತ್ತಿದ್ದ ಹೆಣ್ಣುಮಕ್ಕಳ ಪಾಲಿಗೆ ಅದು ಎಷ್ಟು ದೊಡ್ಡದೆಂಬುದನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಿದವನು ನಾನು ಬಲ್ಲೆ. ಹುಡುಗಿಯರು ಗುಂಪಾಗಿ ಸೈಕಲ್ಲಿನಲ್ಲಿ ಹೋಗುವ ನೋಟವೇ ಇಲ್ಲಿ ಹೊಸದು. ಸೈಕಲ್ಲು ಹುಡುಗಿಯರಿಗೊಂದು ಮಾದರಿ, ಹುಡುಗರಿಗೊಂದು. ಎಂಟನೆಯ ತರಗತಿಯಲ್ಲಿ ಕೊಟ್ಟದ್ದನ್ನು ಹತ್ತರವರೆಗೆ ತುಳಿಯಬೇಕಿತ್ತು. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಏಳೆಂಟು ಸೆಂಟಿಮೀಟರ್ ಬೆಳೆಯುವುದುಂಟು; ಸೀಟು ಬೆಳೆಯುವುದಿಲ್ಲ, ಯಾರಾದರೂ ಏರಿಸಬೇಕು. 2020ರಲ್ಲಿ ಕೊರೋನಾ ಬಂದಾಗ ವಿತರಣೆ ನಿಂತಿತು. ಆಗ ಅಕ್ಕನ ಸೈಕಲ್ಲು ತಂಗಿಗೆ, ಅಣ್ಣನದು ತಮ್ಮನಿಗೆ ಬಂತು. ನನ್ನ ತಂದೆಯ ಗಾಡಿ ನನಗೆ ಬಂದ ಹಾಗೆ!

ಈಗ ವೈದ್ಯರು ಆ ಹುಡುಗಿಯ ಸೈಕಲ್ಲಿಗೆ ಮಾಡಿದ್ದನ್ನು ಹೇಳುತ್ತೇನೆ. ನೀವೂ ಮಾಡಬಹುದು, ಬೇಕಾದದ್ದು ಸ್ಪ್ಯಾನರ್ ಮತ್ತು ಒಬ್ಬ ಗೆಳತಿ ಅಥವಾ ಗೆಳೆಯ. ಗೆಳತಿ ಗಾಡಿ ಹಿಡಿದುಕೊಳ್ಳಲಿ. ಸೀಟಿನ ಮೇಲೆ ನೇರವಾಗಿ ಕುಳಿತು, ಪೆಡಲನ್ನು ಕೆಳತುದಿಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ನೆಟ್ಟಗಾಗುವಷ್ಟು ಸೀಟಿನ ಎತ್ತರವಿರಲಿ. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಮಡಿಚಿರುತ್ತದೆ, ಅದೇ ಸರಿ. ಸೀಟಿನ ಕಂಬದ ಮೇಲೆ ಒಂದು ಗೆರೆ ಕೊರೆದಿರುತ್ತಾರೆ, ಆ ಗೆರೆ ಕೊಳವೆಯಿಂದ ಹೊರಗೆ ಕಾಣುವಷ್ಟು ಮೇಲೆತ್ತಬಾರದು, ಕಂಬ ಮುರಿದೀತು. ಹೊಸಬರು ಸ್ವಲ್ಪ ತಗ್ಗಿಟ್ಟುಕೊಂಡು, ಧೈರ್ಯ ಬಂದ ಹಾಗೆ ಏರಿಸಲಿ.

ಸೀಟಿನ ಮೇಲ್ಮೈ ನೆಲಕ್ಕೆ ಸಮವಾಗಿರಲಿ. ಆ ಹುಡುಗಿಯ ಸೀಟಿನ ಮೂತಿ ಎರಡು ಬೆರಳು ಕೆಳಗೆ ವಾಲಿತ್ತು. ಅವಳ ಅರ್ಧ ನೋವಿನ ಗುಟ್ಟು ಅದೇ ಎಂದರು ವೈದ್ಯರು. ಸೀಟಿನ ಕೆಳಗಿನ ನಟ್ಟು ಸಡಿಲಿಸಿದರೆ ಅದನ್ನು ಹಿಂದೆ ಮುಂದೆ ಕೂಡ ಸರಿಸಬಹುದು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಿಚಿರಬೇಕು, ಭುಜ ಕಿವಿಯ ಕಡೆ ಏರಿರಬಾರದು. ಕೈ ಚಾಚಬೇಕಾಗಿ ಬಂದರೆ ಸೀಟನ್ನು ತುಸು ಮುಂದಕ್ಕೆ ತನ್ನಿ. ಆದರೆ ಪೆಡಲಿನ ನೇರ ದಾಟುವಷ್ಟು ಮೊಣಕಾಲು ಮುಂದೆ ಬಂದರೆ ಕುತ್ತಿಗೆಯ ನೋವು ಮೊಣಕಾಲಿಗೆ ವರ್ಗವಾಗುತ್ತದೆ, ಅಷ್ಟೆ.

ಹ್ಯಾಂಡಲ್ ಸೀಟಿನ ಮಟ್ಟಕ್ಕಿಂತ ಒಂದೆರಡು ಅಂಗುಲ ಮೇಲಿದ್ದರೆ ಶಾಲೆಗೆ ಹೋಗುವವರಿಗೆ ಸುಖ. ಅದರ ಕಂಬದ ನೆತ್ತಿಯ ಬೋಲ್ಟನ್ನು ನಾಲ್ಕು ಸುತ್ತು ಸಡಿಲಿಸಿ, ಮೇಲೊಂದು ಮರದ ತುಂಡಿಟ್ಟು ಮೆಲ್ಲನೆ ಬಡಿದರೆ ಒಳಗಿನ ಬೆಣೆ ಬಿಡುತ್ತದೆ. ಇಲ್ಲಿಯೂ ಗೆರೆಯನ್ನು ಮೀರಬಾರದು. ಬಿಗಿದ ಮೇಲೆ ಮುಂಚಕ್ರವನ್ನು ತೊಡೆಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ ನೋಡಿ, ಅಲುಗಬಾರದು. ಬ್ರೇಕು ಹಿಡಿಯುವುದನ್ನೂ ಪರೀಕ್ಷಿಸಿ. ಕೈ ನಡುಗಿದರೆ ಈ ಒಂದು ಕೆಲಸವನ್ನು ಮಿಸ್ತ್ರಿಗೆ ಬಿಡಿ. ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸಬೇಡಿ. ಒಂದನ್ನು ಬದಲಿಸಿ ಎರಡು ದಿನ ತುಳಿದು ನೋಡಿ. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಚೀಲ ಕ್ಯಾರಿಯರಿಗೆ ಹೋಗಲಿ, ಹಗ್ಗ ಬಿಗಿಯಾಗಿರಲಿ, ತುದಿ ಚಕ್ರಕ್ಕೆ ಸಿಕ್ಕದಿರಲಿ. ದಾರಿಯಲ್ಲಿ ಆಗಾಗ ಹಿಡಿತ ಸಡಿಲಿಸಿ ಭುಜ ಇಳಿಬಿಡಿ. ಪ್ರತಿ ಜೂನ್ ತಿಂಗಳಲ್ಲಿ, ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ, ಹಿಮ್ಮಡಿಯ ಪರೀಕ್ಷೆ ಮಾಡಿಕೊಳ್ಳಿ.

ಕೈಬೆರಳು ಜೋಮು ಹಿಡಿಯುತ್ತಿದ್ದರೆ, ನೋವು ತೋಳಿಗೆ ಇಳಿಯುತ್ತಿದ್ದರೆ, ಬಿದ್ದ ಮೇಲೆ ಕುತ್ತಿಗೆ ನೋಯತೊಡಗಿದ್ದರೆ, ಅಥವಾ ಅಳತೆ ಸರಿಪಡಿಸಿ ಎರಡು ವಾರವಾದರೂ ಗುಣವಾಗದಿದ್ದರೆ ಸ್ಪ್ಯಾನರ್ ಕೆಳಗಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಜಗ್ಗಿಸಿಕೊಂಡು ಲಟಿಕೆ ಮುರಿಸಿಕೊಳ್ಳುವ ಗೋಜಿಗೆ ಹೋಗಬೇಡಿ.

ಆ ದಿನ ನಮ್ಮ ಬಳಿ ಸ್ಪ್ಯಾನರ್ ಇದ್ದದ್ದು ವ್ಯಾನಿನ ಚಾಲಕನ ಪೆಟ್ಟಿಗೆಯಲ್ಲಿ ಮಾತ್ರ. ಆ ಹುಡುಗಿ ತನ್ನ ಸೈಕಲ್ಲನ್ನು ಅಂಗಳದಲ್ಲಿ ಎರಡು ಸುತ್ತು ಹೊಡೆದು ಬಂದು, "ಈಗ ರಸ್ತೆ ಕಾಣಾಕ ತಲಿ ಎತ್ತೂದು ಬ್ಯಾಡ್ರಿ" ಎಂದಳು. ಅದನ್ನು ಕೇಳಿದ್ದೇ ತಡ, ಉಳಿದವರು ತಮ್ಮ ತಮ್ಮ ಗಾಡಿ ತಂದು ವ್ಯಾನನ್ನು ಮುತ್ತಿದರು. ಛಾಯಾಗ್ರಾಹಕ ಕ್ಯಾಮೆರಾ ಕಟ್ಟಿಟ್ಟು ಸೀಟು ಹಿಡಿಯಲು ನಿಂತ, ವೈದ್ಯರು ಹಿಮ್ಮಡಿ ನೋಡುತ್ತಿದ್ದರು. ಹೊತ್ತು ಮುಳುಗುವ ಮೊದಲು ಹನ್ನೊಂದು ಸೈಕಲ್ಲು ಮುಗಿದವು. ಹನ್ನೆರಡನೆಯದರ ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಎನ್ನಲಿಲ್ಲ. ರಾತ್ರಿ ಎಣ್ಣೆ ಬಿಟ್ಟು ಬೆಳಿಗ್ಗೆ ಬಿಚ್ಚು ಎಂದು ಹೇಳಿ, ಸ್ಪ್ಯಾನರನ್ನು ಅಲ್ಲಿಯೇ ಬಿಟ್ಟುಬಂದೆವು.